ಪುರಾಣದ ಬದನೆಕಾಯಿ, ಕ್ಯಾಮೆರಾದ ಕಣ್ಣು

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಹವಳಗಾ ಎಂದರೆ ಸುತ್ತಲಿನವರಿಗೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ, ಅದರ ಮುಂದೆ ಕಬ್ಬು ಹೇರಿಕೊಂಡು ಸಾಲುಗಟ್ಟಿ ನಿಲ್ಲುವ ಟ್ರ್ಯಾಕ್ಟರುಗಳು. ಈ ಸೀಮೆಯ ಊರುಗಳಲ್ಲಿ ಶ್ರಾವಣ ಬಂತೆಂದರೆ ಗುಡಿ, ಮಠಗಳಲ್ಲಿ ಪುರಾಣ ಪ್ರವಚನ ಶುರುವಾಗುತ್ತದೆ. ದಿನವಿಡೀ ಹೊಲದಲ್ಲಿ ದುಡಿದು ಬಂದವರು ರಾತ್ರಿ ಊಟ ಮುಗಿಸಿ ಪುರಾಣ ಕೇಳಲು ಕೂರುತ್ತಾರೆ. ಹಾಗೆ ಶ್ರದ್ಧೆಯಿಂದ ಪುರಾಣ ಕೇಳುವ ಕನ್ನಡದ ಜನವೇ ಪುರಾಣ ಹೇಳುವವನ ಮೇಲೊಂದು ಗಾದೆಯನ್ನೂ ಕಟ್ಟಿದ್ದಾರೆ: ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.’

ಗಾದೆಯ ಹಿಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಬದನೆಕಾಯಿ ತಿನ್ನಬಾರದು, ತಿಂದರೆ ಪಾಪ ಎಂದು ಪುರಾಣಿಕರು ಊರಿಗೆಲ್ಲ ಬೋಧಿಸುತ್ತಾರೆ. ಕೇಳಿದ ಹೆಂಡತಿ ಮನೆಗೆ ಹೋಗಿ ಮಾಡಿಟ್ಟ ಬದನೆಕಾಯಿ ಪಲ್ಯವನ್ನು ಚೆಲ್ಲುತ್ತಾಳೆ. ಊಟಕ್ಕೆ ಕೂತ ಪುರಾಣಿಕರು ‘ಪಲ್ಯ ಎಲ್ಲಿ?’ ಎಂದು ಸಿಡುಕುತ್ತಾರೆ. ‘ಅದು ಪುರಾಣದ ಬದನೆಕಾಯಿ, ಇದು ಊಟದ ಬದನೆಕಾಯಿ’ ಎಂಬುದು ಅವರ ಸಮಜಾಯಿಷಿ.

ಈ ಕಥೆಯಲ್ಲಿ ತಪ್ಪು ಯಾವುದು? ಬದನೆಕಾಯಿ ತಿಂದದ್ದೋ, ತಿನ್ನಬೇಡಿ ಎಂದು ಊರಿಗೆ ಹೇಳಿದ್ದೋ? ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಈ ಪ್ರಶ್ನೆ ಅಮೆರಿಕದಲ್ಲಿ ಒಂದು ಸಾಕ್ಷ್ಯಚಿತ್ರದ ವಸ್ತುವಾಯಿತು. ಪತ್ರಿಕೆಗಳು, ಬಾನುಲಿ ಕೇಂದ್ರಗಳು ಅದರ ಸುತ್ತ ವಾದ ಹೂಡಿದವು. ಭಾರತದಲ್ಲಿ ಅದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನ್ಯಾಯಾಲಯಗಳ ಮೆಟ್ಟಿಲೇರಿತು. ಅದರ ಒಂದು ಮುಖ್ಯ ಎಳೆ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿಯೊಬ್ಬರ ಹೆಸರಿಗೆ ಬಂದು ಸೇರುತ್ತದೆ.

ಮತದ ಲೆಕ್ಕ ಕೇಳಿದ ಚಿತ್ರ

ಚಿತ್ರದ ಹೆಸರು ‘ಔಟ್‌ರೇಜ್’. ನಿರ್ದೇಶಕ ಕರ್ಬಿ ಡಿಕ್. 2009ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಟ್ರೈಬೆಕಾ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಈ ಚಿತ್ರ ಮರು ತಿಂಗಳು ಚಿತ್ರಮಂದಿರಗಳಿಗೆ ಬಂತು. ತಾವು ಸಲಿಂಗಕಾಮಿಗಳಾಗಿದ್ದೂ ಅದನ್ನು ಮುಚ್ಚಿಟ್ಟು, ಸಲಿಂಗಕಾಮಿಗಳ ಹಕ್ಕುಗಳ ವಿರುದ್ಧವೇ ಶಾಸನಸಭೆಗಳಲ್ಲಿ ಮತ ಹಾಕುವ ರಾಜಕಾರಣಿಗಳು ಅದರ ವಸ್ತು. ಚಿತ್ರ ಹಿಡಿದ ದಾರಿ ಸರಳವಾದದ್ದು. ಒಂದು ಕಡೆ ರಾಜಕಾರಣಿಯ ಮತದಾನದ ದಾಖಲೆ, ಇನ್ನೊಂದು ಕಡೆ ಆತನ ಬದುಕಿನ ಬಗ್ಗೆ ಪತ್ರಕರ್ತರು, ಪರಿಚಿತರು ಹೇಳುವ ಮಾತು. ಎರಡನ್ನೂ ಅಕ್ಕಪಕ್ಕ ಇಟ್ಟು ತೀರ್ಮಾನವನ್ನು ನೋಡುಗರಿಗೆ ಬಿಡುವುದು.

ಇಂಥ ಚಿತ್ರಕ್ಕೆ ಅಮೆರಿಕದಲ್ಲಿ ನೆಲ ಹದವಾಗಿತ್ತು. 1996ರಲ್ಲಿ ಅಲ್ಲಿನ ಸಂಸತ್ತು ‘ವಿವಾಹ ರಕ್ಷಣಾ ಕಾಯ್ದೆ’ಯನ್ನು ಅಂಗೀಕರಿಸಿತ್ತು. ಗಂಡು ಹೆಣ್ಣಿನ ನಡುವಣ ಸಂಬಂಧವನ್ನು ಮಾತ್ರ ಕೇಂದ್ರ ಸರ್ಕಾರ ಮದುವೆಯೆಂದು ಮಾನ್ಯ ಮಾಡತಕ್ಕದ್ದು ಎಂಬುದು ಅದರ ಸಾರ. ಅರಿಜೋನಾದ ರಿಪಬ್ಲಿಕನ್ ಸದಸ್ಯ ಜಿಮ್ ಕೋಲ್ಬಿ ಆ ಕಾಯ್ದೆಯ ಪರ ಮತ ಹಾಕಿದರು. ಅವರು ಸಲಿಂಗಕಾಮಿಯೆಂಬ ಸಂಗತಿಯನ್ನು ಪತ್ರಿಕೆಯೊಂದು ಪ್ರಕಟಿಸಲಿದೆ ಎಂಬುದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಪತ್ರಿಕೆಗಿಂತ ಮೊದಲೇ ಕೋಲ್ಬಿ ತಾವಾಗಿ ಅದನ್ನು ಒಪ್ಪಿಕೊಂಡರು. ಮುಂದೇನಾಯಿತು ಎಂಬುದು ಇನ್ನೂ ಗಮನಾರ್ಹ. ಆಕಾಶ ಕಳಚಿ ಬೀಳಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಮತದಾರರು ಅವರನ್ನು ಮತ್ತೆ ಆರಿಸಿದರು. 2007ರ ಆರಂಭದಲ್ಲಿ ತಾವಾಗಿಯೇ ನಿವೃತ್ತರಾಗುವವರೆಗೆ ಕೋಲ್ಬಿ ಸದಸ್ಯರಾಗಿದ್ದರು. ತಾವು ಬೆಂಬಲಿಸಿದ್ದ ಕಾಯ್ದೆಯ ವಿರುದ್ಧ ಆಮೇಲೆ ದನಿಯೆತ್ತಿದರು, 2013ರಲ್ಲಿ ತಮ್ಮ ಸಂಗಾತಿಯನ್ನು ಮದುವೆಯಾದರು.

ಇಡಾಹೊ ರಾಜ್ಯದ ಸೆನೆಟರ್ ಲ್ಯಾರಿ ಕ್ರೇಗ್ ಅವರ ಪ್ರಕರಣ ಬೇರೆ ಬಗೆಯದು. ಅವರೂ 1996ರಲ್ಲಿ ಆ ಕಾಯ್ದೆಯ ಪರವಿದ್ದವರು. 2007ರ ಜೂನ್‌ನಲ್ಲಿ ಮಿನಿಯಾಪೊಲಿಸ್ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಮಫ್ತಿಯಲ್ಲಿದ್ದ ಪೊಲೀಸ್ ಅಧಿಕಾರಿ ಅವರನ್ನು ಬಂಧಿಸಿದರು. ಅಸಭ್ಯ ವರ್ತನೆಯ ಆರೋಪವನ್ನು ಕ್ರೇಗ್ ಮೊದಲು ಒಪ್ಪಿಕೊಂಡರು. ಸುದ್ದಿ ಹೊರಬಿದ್ದ ಮೇಲೆ, ತಪ್ಪೊಪ್ಪಿಗೆ ಬರೆದುಕೊಟ್ಟದ್ದೇ ತಪ್ಪಾಯಿತು, ತಾವು ಸಲಿಂಗಕಾಮಿಯಲ್ಲ ಎಂದರು. ಪೊಲೀಸರು ಅವರನ್ನು ಪ್ರಶ್ನಿಸಿದ ಧ್ವನಿಮುದ್ರಣ ಸಾರ್ವಜನಿಕ ದಾಖಲೆಯಾಗಿತ್ತು. ಕರ್ಬಿ ಡಿಕ್ ಅದನ್ನು ಚಿತ್ರದಲ್ಲಿ ಬಳಸಿಕೊಂಡರು.

ಚಿತ್ರದ ನೈತಿಕ ಬೆನ್ನೆಲುಬು ಮ್ಯಾಸಚೂಸೆಟ್ಸ್‌ನ ಸದಸ್ಯ ಬಾರ್ನಿ ಫ್ರಾಂಕ್ ಅವರ ನಿಲುವು. ತಾವು ಸಲಿಂಗಕಾಮಿಯೆಂದು 1987ರಲ್ಲೇ ಬಹಿರಂಗವಾಗಿ ಹೇಳಿದ್ದ ಫ್ರಾಂಕ್ ಒಂದು ಗೆರೆ ಎಳೆದಿದ್ದರು. ರಾಜಕಾರಣಿಗೂ ಗುಟ್ಟಿನ ಹಕ್ಕಿದೆ, ಆದರೆ ಸೋಗಲಾಡಿತನದ ಹಕ್ಕಿಲ್ಲ ಎಂಬುದು ಅದರ ತಾತ್ಪರ್ಯ. ಯಾರಿಗೂ ಕೇಡು ಬಗೆಯದೆ ತನ್ನ ಪಾಡಿಗೆ ತಾನಿರುವವನ ಬಾಗಿಲು ಬಡಿಯಬೇಕಾಗಿಲ್ಲ. ತನ್ನಂಥವರನ್ನೇ ಶಿಕ್ಷಿಸುವ ಕಾನೂನಿಗೆ ಕೈಯೆತ್ತುವವನು ಮಾತ್ರ ಆ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಾನೆ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಅಮೆರಿಕದ ಸಾರ್ವಜನಿಕ ಬಾನುಲಿ ಸಂಸ್ಥೆ ಈ ಚಿತ್ರದ ವಿಮರ್ಶೆ ಪ್ರಕಟಿಸುವಾಗ ಅದರಲ್ಲಿದ್ದ ರಾಜಕಾರಣಿಗಳ ಹೆಸರುಗಳನ್ನು ತೆಗೆದುಹಾಕಿತು. ತಾವಾಗಿ ಹೇಳಿಕೊಳ್ಳದವರ ಹೆಸರನ್ನು ತಾನು ಹೇಳುವುದಿಲ್ಲ ಎಂಬುದು ಸಂಸ್ಥೆಯ ವಾದ. ಹೆಸರು ಹೇಳುವುದೇ ಚಿತ್ರದ ತಿರುಳಾಗಿರುವಾಗ ಹೆಸರಿಲ್ಲದ ವಿಮರ್ಶೆಗೆ ಅರ್ಥವೇನು ಎಂದು ವಿಮರ್ಶಕ ಕೇಳಿದರು. ಬರಹದಿಂದ ತಮ್ಮ ಹೆಸರನ್ನೇ ಹಿಂತೆಗೆದುಕೊಂಡರು. ಇಬ್ಬರ ಮಾತಿನಲ್ಲೂ ಹುರುಳಿತ್ತು.

ರಾಯ್ ಕೋನ್‌ನಿಂದ ಬ್ರಸೆಲ್ಸ್‌ವರೆಗೆ

ಇಂಥ ಇಬ್ಬಗೆಯ ಬದುಕು 2009ಕ್ಕೆ ಹೊಸದೇನೂ ಆಗಿರಲಿಲ್ಲ. 1950ರ ದಶಕದಲ್ಲಿ ಸೆನೆಟರ್ ಮೆಕಾರ್ಥಿಯ ಬಲಗೈಯಾಗಿದ್ದ ವಕೀಲ ರಾಯ್ ಕೋನ್ ಇದಕ್ಕೆ ದೊಡ್ಡ ಉದಾಹರಣೆ. ಕಮ್ಯುನಿಸ್ಟರನ್ನು ಹುಡುಕುವ ಹೆಸರಿನಲ್ಲಿ ಅಂದು ಸರ್ಕಾರಿ ನೌಕರಿಯಲ್ಲಿದ್ದ ಸಲಿಂಗಕಾಮಿಗಳನ್ನೂ ಹುಡುಕಿ ಹೊರಹಾಕಲಾಯಿತು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶ ಇದಕ್ಕೆ ಅಧಿಕೃತ ಮುದ್ರೆ ಒತ್ತಿತು. ಸ್ವತಃ ಸಲಿಂಗಕಾಮಿಯಾಗಿದ್ದ ಕೋನ್ ಕೊನೆಯವರೆಗೂ ಅದನ್ನು ಅಲ್ಲಗಳೆದರು. 1986ರಲ್ಲಿ ಏಡ್ಸ್‌ನಿಂದ ಸಾಯುವಾಗಲೂ ತಮ್ಮದು ಯಕೃತ್ತಿನ ಕ್ಯಾನ್ಸರ್ ಎಂದೇ ಸಾಧಿಸಿದರು.

ಕೋನ್ ಕುರಿತು ಎರಡು ಸಾಕ್ಷ್ಯಚಿತ್ರಗಳು ಬೆನ್ನಿಗೇ ಬಂದವು. 2019ರಲ್ಲಿ ಮ್ಯಾಟ್ ಟರ್ನಾವರ್ ಒಂದನ್ನು ಮಾಡಿದರು. ಇನ್ನೊಂದನ್ನು ಮಾಡಿದ ಐವಿ ಮೀರೊಪೋಲ್, 1953ರಲ್ಲಿ ಮರಣದಂಡನೆಗೆ ಗುರಿಯಾದ ರೋಸೆನ್‌ಬರ್ಗ್ ದಂಪತಿಯ ಮೊಮ್ಮಗಳು. ಆ ದಂಪತಿಯ ವಿರುದ್ಧ ಸರ್ಕಾರದ ಪರ ವಾದಿಸಿದವರಲ್ಲಿ ಕೋನ್ ಕೂಡ ಒಬ್ಬರು. ಅಜ್ಜ ಅಜ್ಜಿಯರನ್ನು ಕೊಲ್ಲಿಸಿದವನ ಚಿತ್ರವಾದರೂ ಅದರ ಹೆಸರಿನಲ್ಲಿ ‘ಪುಂಡ’, ‘ಹೇಡಿ’ ಎಂಬ ಅರ್ಥದ ಪದಗಳ ಜೊತೆಗೆ ‘ಬಲಿಪಶು’ ಎಂಬ ಅರ್ಥದ ಪದವೂ ಇದೆ. ಏಡ್ಸ್‌ಗೆ ಬಲಿಯಾದವರ ನೆನಪಿನ ಕೌದಿಯಲ್ಲಿ ಕೋನ್ ಹೆಸರಿನ ತುಂಡಿನ ಮೇಲೆ ಯಾರೋ ಹೊಲಿದಿದ್ದ ಪದಗಳವು. ಸೋಗಲಾಡಿಯೂ ಆ ಕಾಲದ ಭಯಕ್ಕೆ ಸಿಕ್ಕವನೇ ಎಂಬುದನ್ನು ಚಿತ್ರ ಮರೆಯುವುದಿಲ್ಲ.

ಯುರೋಪಿನಲ್ಲಿ 2020ರ ನವೆಂಬರಿನಲ್ಲಿ ನಡೆದ ಘಟನೆಗೆ ಸಾಕ್ಷ್ಯಚಿತ್ರದ ಅಗತ್ಯವೇ ಬೀಳಲಿಲ್ಲ. ಕೋವಿಡ್ ನಿರ್ಬಂಧ ಮೀರಿ ಬ್ರಸೆಲ್ಸ್‌ನಲ್ಲಿ ನಡೆಯುತ್ತಿದ್ದ ಗಂಡಸರ ಖಾಸಗಿ ಕೂಟದ ಮೇಲೆ ಪೊಲೀಸರು ದಾಳಿ ಮಾಡಿದರು. ಅಲ್ಲಿದ್ದವರಲ್ಲಿ ಹಂಗೆರಿಯ ಆಳುವ ಪಕ್ಷದ ಹಿರಿಯ ನಾಯಕ, ಯುರೋಪಿಯನ್ ಸಂಸತ್ತಿನ ಸದಸ್ಯ ಯೋಜೆಫ್ ಸಾಯರ್ ಒಬ್ಬರು. ಮದುವೆಯೆಂದರೆ ಗಂಡು ಹೆಣ್ಣಿನ ಬಂಧವೆಂದು ಸಾರುವ ಹಂಗೆರಿಯ 2011ರ ಸಂವಿಧಾನವನ್ನು ರಚಿಸಿದವರಲ್ಲಿ ಅವರು ಪ್ರಮುಖರು. ಸಾಯರ್ ರಾಜೀನಾಮೆ ಕೊಟ್ಟರು. ಅವರು ಬರೆದ ಸಂವಿಧಾನ ಉಳಿಯಿತು.

ಹೊರಗಿನವರಿಗೆ ಮೋಜಾಗಿ ಕಾಣುವ ಇಂಥ ಸುದ್ದಿಗಳ ಒಳಗಿನ ಕಹಿ ಇದೇ. ಮನುಷ್ಯ ಸಿಕ್ಕಿಬೀಳುತ್ತಾನೆ, ಕಾನೂನು ಹಾಗೆಯೇ ಉಳಿಯುತ್ತದೆ.

ನಮ್ಮ ಕಾನೂನು, ನಮ್ಮ ಬೆದರಿಕೆ

ಭಾರತದಲ್ಲಿ ಆ ಕಾನೂನಿನ ಹೆಸರು ಭಾರತೀಯ ದಂಡ ಸಂಹಿತೆಯ 377ನೇ ಕಲಂ ಎಂದಾಗಿತ್ತು. 1860ರಲ್ಲಿ ಬ್ರಿಟಿಷರು ಬರೆದದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರಲ್ಲೇ ವಯಸ್ಕ ಗಂಡಸರ ಖಾಸಗಿ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಡಲಾಯಿತು. ಕೊಟ್ಟವರು ಬಿಟ್ಟ ಮೇಲೂ ಇಸಿದುಕೊಂಡವರು ಅರ್ಧ ಶತಮಾನ ಅದನ್ನು ಕಾಪಾಡಿಕೊಂಡು ಬಂದರು.

ಈ ಕಲಮಿನ ಅಡಿ ಶಿಕ್ಷೆಯಾದ ಪ್ರಕರಣಗಳು ಹೆಚ್ಚಿರಲಿಲ್ಲ. ಅದರ ನಿಜವಾದ ಬಲ ಇದ್ದದ್ದು ಬೆದರಿಕೆಯಲ್ಲಿ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯ ಕುರಿತು ವರದಿಯೊಂದನ್ನು ಹೊರತಂದಿತು. ಪಾರ್ಕುಗಳಲ್ಲಿ ಹಿಡಿದು ಹಣ ಕೀಳುವುದು, ಮನೆಯವರಿಗೆ ಹೇಳುತ್ತೇವೆಂದು ಹೆದರಿಸುವುದು, ಹೊಡೆಯುವುದು ಅದರಲ್ಲಿ ದಾಖಲಾಗಿವೆ. 2003ರಲ್ಲಿ ಹಿಜಡಾ ಮತ್ತು ಕೋತಿ ಸಮುದಾಯದವರ ಸ್ಥಿತಿ ಕುರಿತು ಇದೇ ಸಂಸ್ಥೆ ಇನ್ನೊಂದು ವರದಿ ತಂದಿತು. ಗುಟ್ಟು ಬಯಲಾಗುವುದೆಂಬ ಹೆದರಿಕೆಯೇ ವಸೂಲಿಗಾರರ ಬಂಡವಾಳವಾಗಿತ್ತು.

ಹವಳಗಾದಂಥ ಊರಿಗೆ ಇದನ್ನು ತಂದು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೋದರಮಾವನ ಮಗಳೋ ಅಕ್ಕನ ಮಗಳೋ ಚಿಕ್ಕಂದಿನಲ್ಲೇ ಗೊತ್ತಾಗಿರುತ್ತಾಳೆ. ತನ್ನ ಮನಸ್ಸು ಹೆಣ್ಣಿನ ಕಡೆ ಹರಿಯುವುದಿಲ್ಲ ಎಂದು ಅಲ್ಲಿ ಹುಡುಗನೊಬ್ಬ ಬಾಯಿ ಬಿಡುವುದು ಸುಲಭವಲ್ಲ. ಬಿಟ್ಟರೆ ತಂಗಿಯ ಮದುವೆ ನಿಲ್ಲಬಹುದು, ಹೊಲದ ಪಾಲು ಹೋಗಬಹುದು. ಬಾಯಿ ಬಿಡದಿದ್ದರೆ ಏನೂ ಅರಿಯದ ಹೆಣ್ಣುಮಗಳೊಬ್ಬಳ ಬದುಕು ಜೊತೆಗೆ ಬಂದು ಸಿಕ್ಕಿಕೊಳ್ಳುತ್ತದೆ. ಇಂಥವನ ಮೌನವನ್ನು ಸೋಗಲಾಡಿತನ ಎನ್ನಲಾಗದು. ಅದು ಉಳಿವಿನ ಉಪಾಯ. ಸೋಗಲಾಡಿತನಕ್ಕೆ ಅಧಿಕಾರ ಬೇಕು. ಇನ್ನೊಬ್ಬರ ಬದುಕಿನ ಮೇಲೆ ಕಾನೂನು ಹೇರುವ ಶಕ್ತಿ ಇದ್ದವನಿಗೆ ಮಾತ್ರ ಆ ಮಾತು ಅನ್ವಯಿಸುತ್ತದೆ.

ಕ್ಯಾಮೆರಾ ತಪ್ಪು ಬಾಗಿಲು ತಟ್ಟಿದಾಗ

ದುರ್ದೈವವೆಂದರೆ ನಮ್ಮಲ್ಲಿ ಕ್ಯಾಮೆರಾ ನುಗ್ಗಿದ್ದು ಬಹುಮಟ್ಟಿಗೆ ಅಧಿಕಾರವಿಲ್ಲದವರ ಮನೆಗೇ. 2010ರ ಫೆಬ್ರುವರಿಯಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ಶ್ರೀನಿವಾಸ ರಾಮಚಂದ್ರ ಸಿರಸ್ ಅವರ ಮನೆಗೆ ಕ್ಯಾಮೆರಾ ಹಿಡಿದವರು ನುಗ್ಗಿದರು. ಅವರು ಒಬ್ಬ ಗಂಡಸಿನೊಂದಿಗೆ ಇದ್ದುದನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅವರ ಪರ ಆದೇಶ ಕೊಟ್ಟಿತು. ವಾರ ಕಳೆಯುವುದರೊಳಗೆ ಸಿರಸ್ ತಮ್ಮ ಬಾಡಿಗೆ ಮನೆಯಲ್ಲಿ ಹೆಣವಾಗಿದ್ದರು.

ಮರು ವರ್ಷ, ಕಲಬುರಗಿಗೆ ನೆರೆಯೇ ಆದ ಹೈದರಾಬಾದಿನಲ್ಲಿ ತೆಲುಗು ಸುದ್ದಿವಾಹಿನಿಯೊಂದು ಸಲಿಂಗಕಾಮಿಗಳ ಬಗ್ಗೆ ಕುಟುಕು ಕಾರ್ಯಾಚರಣೆ ಪ್ರಸಾರ ಮಾಡಿತು. ಸಾಮಾನ್ಯ ಯುವಕರ ಮುಖ, ದೂರವಾಣಿ ಸಂಭಾಷಣೆ ಎಲ್ಲ ಮನೆಮನೆಯ ಟಿ.ವಿ.ಯಲ್ಲಿ ಬಂದವು. ಸುದ್ದಿ ಪ್ರಸಾರಕರ ಸ್ವನಿಯಂತ್ರಣ ಪ್ರಾಧಿಕಾರ ವಾಹಿನಿಗೆ 1 ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆ ಯಾಚಿಸುವಂತೆ ಆದೇಶಿಸಿತು. ಆ ಯುವಕರಲ್ಲಿ ಯಾರೂ ಯಾವ ಮಸೂದೆಗೂ ಕೈಯೆತ್ತಿದವರಲ್ಲ.

ಬೇರೆಯವರ ಗುಟ್ಟನ್ನು ತೆರೆಯ ಮೇಲೆ ಹೇಳುವುದರ ತೊಡಕಿಗೆ ಕನ್ನಡ ನಾಡಿನಲ್ಲೇ ಒಂದು ವಿಚಿತ್ರ ಉದಾಹರಣೆ ಇದೆ. ಬೆಂಗಳೂರಿನಲ್ಲಿ ಹುಟ್ಟಿ, ಲೆಕ್ಕದ ಚಮತ್ಕಾರದಿಂದ ಜಗತ್ತನ್ನೇ ಬೆರಗಾಗಿಸಿದ ಶಕುಂತಲಾ ದೇವಿ 1977ರಲ್ಲಿ ಭಾರತದ ಸಲಿಂಗಕಾಮಿಗಳ ಕುರಿತು ಇಂಗ್ಲಿಷಿನಲ್ಲಿ ಪುಸ್ತಕವೊಂದನ್ನು ಬರೆದರು. 377ನೇ ಕಲಂ ತೊಲಗಬೇಕು, ಸಮಾಜ ಇವರನ್ನು ಪೂರ್ತಿಯಾಗಿ ಒಪ್ಪಬೇಕು ಎಂದು ಆ ಕಾಲದಲ್ಲೇ ವಾದಿಸಿದರು. ಅಂಥ ಪುಸ್ತಕ ಬರೆದವರು 1980ರ ಲೋಕಸಭಾ ಚುನಾವಣೆಯಲ್ಲಿ ಮೇದಕ್ ಕ್ಷೇತ್ರದಿಂದ ಇಂದಿರಾ ಗಾಂಧಿಯವರ ವಿರುದ್ಧ ಪಕ್ಷೇತರರಾಗಿ ಸ್ಪರ್ಧಿಸಿ ಸೋತರು. 2001ರ ‘ಫಾರ್ ಸ್ಟ್ರೇಟ್ಸ್ ಓನ್ಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರು, ಸಲಿಂಗಕಾಮಿಯಾಗಿದ್ದ ಪತಿಯೊಂದಿಗಿನ ದಾಂಪತ್ಯವೇ ತಮ್ಮನ್ನು ಈ ವಿಷಯದತ್ತ ತಂದಿತು ಎಂದು ಹೇಳಿದರು. 2020ರಲ್ಲಿ ಬಂದ, ಅವರ ಬದುಕನ್ನೇ ಆಧರಿಸಿದ ಹಿಂದಿ ಕಥಾಚಿತ್ರ ಈ ಮಾತನ್ನು ಬೇರೆಯೇ ಬೆಳಕಿನಲ್ಲಿ ತೋರಿಸಿತು. ನಿಜ ಯಾವುದೇ ಇರಲಿ, ತೆರೆಯ ಮೇಲೆ ಇಲ್ಲದ ಮೂರನೆಯವನ ಬಗ್ಗೆ ಒಬ್ಬರ ಮಾತನ್ನಷ್ಟೇ ಸಾಕ್ಷ್ಯವೆಂದು ಹಿಡಿಯಬಹುದೇ ಎಂಬ ಪ್ರಶ್ನೆ ಉಳಿಯಿತು. ‘ಔಟ್‌ರೇಜ್’ ಚಿತ್ರವನ್ನು ಟೀಕಿಸಿದವರು ಕೇಳಿದ್ದೂ ಇದನ್ನೇ.

ಪುಟ್ಟಸ್ವಾಮಿಯವರ ಅರ್ಜಿ

ಖಾಸಗಿತನ ಎಲ್ಲಿ ಮುಗಿಯುತ್ತದೆ, ಸಾರ್ವಜನಿಕ ಹಿತ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟು 1994ರಲ್ಲಿ ಒಂದು ಅಳತೆಗೋಲು ಕೊಟ್ಟಿತ್ತು. ಕೊಲೆ ಅಪರಾಧಿ ಆಟೊ ಶಂಕರ್ ಬರೆದ ಆತ್ಮಕಥೆಯನ್ನು ತಮಿಳು ಪತ್ರಿಕೆಯೊಂದು ಪ್ರಕಟಿಸಲು ಹೊರಟಾಗ ಎದ್ದ ವ್ಯಾಜ್ಯ ಅದು. ವ್ಯಕ್ತಿಯ ಮನೆ, ಮದುವೆ, ಸಂಸಾರದ ಬಗ್ಗೆ ಅವನ ಒಪ್ಪಿಗೆಯಿಲ್ಲದೆ ಬರೆಯುವಂತಿಲ್ಲ. ಆದರೆ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಬಹುದು. ಅಧಿಕಾರದಲ್ಲಿ ಇರುವವರು ತಮ್ಮ ಅಧಿಕೃತ ಕರ್ತವ್ಯಕ್ಕೆ ಸಂಬಂಧಿಸಿದ ನಡವಳಿಕೆಯ ವಿಷಯದಲ್ಲಿ ಈ ರಕ್ಷಣೆ ಕೇಳುವಂತಿಲ್ಲ. ಇದು ಆ ತೀರ್ಪಿನ ಸಾರ. ಬಾರ್ನಿ ಫ್ರಾಂಕ್ ಎಳೆದ ಗೆರೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

377ನೇ ಕಲಮಿನ ಹಾದಿ ಮಾತ್ರ ಏಳುಬೀಳಿನದು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ, ಬೇಕಿದ್ದರೆ ಸಂಸತ್ತು ಕಾನೂನು ತಿದ್ದಲಿ ಎಂದಿತು. ಒಮ್ಮೆ ಹೊರಬಂದು ಹೆಸರು ಹೇಳಿಕೊಂಡವರು ರಾತ್ರೋರಾತ್ರಿ ಮತ್ತೆ ಅಪರಾಧಿಗಳಾದರು. 2014ರಲ್ಲಿ ಬೆಂಗಳೂರಿನಲ್ಲಿ, ಮನೆಯಲ್ಲಿ ಅಡಗಿಸಿಟ್ಟ ಕ್ಯಾಮೆರಾದ ದೃಶ್ಯಗಳೊಂದಿಗೆ ಹೆಂಡತಿ ಕೊಟ್ಟ ದೂರಿನ ಮೇಲೆ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಇದೇ ಕಲಮಿನಡಿ ಬಂಧಿಸಲಾಯಿತು. ಮೋಸ ಹೋದ ಹೆಂಡತಿಯ ನೋವು ನಿಜವಾದದ್ದು. ಆದರೆ ಆ ಮದುವೆಯ ಮೋಸಕ್ಕೆ ಮದ್ದಾಗಿ ಸಿಕ್ಕದ್ದು ಬದುಕಿನ ಬಗೆಯನ್ನೇ ಅಪರಾಧವೆನ್ನುವ ಕಾನೂನು.

ಬಾಗಿಲು ಮತ್ತೆ ತೆರೆದದ್ದು ಅನಿರೀಕ್ಷಿತ ದಿಕ್ಕಿನಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಸಂವಿಧಾನದಲ್ಲಿ ಖಾಸಗಿತನವೆಂಬ ಹಕ್ಕೇ ಇಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿದ್ದರಿಂದ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಲೈಂಗಿಕ ಒಲವು ಆ ಹಕ್ಕಿನ ಅವಿಭಾಜ್ಯ ಅಂಗವೆಂದೂ, 2013ರ ತೀರ್ಪಿನ ತರ್ಕ ಸರಿಯಲ್ಲವೆಂದೂ ಪ್ರಧಾನ ತೀರ್ಪಿನಲ್ಲಿ ಬರೆಯಲಾಯಿತು. ಗುರುತಿನ ಚೀಟಿಯ ವ್ಯಾಜ್ಯ ಹೀಗೆ ಪ್ರೀತಿಯ ವ್ಯಾಜ್ಯಕ್ಕೆ ದಾರಿಯಾಯಿತು. 2018ರ ಸೆಪ್ಟೆಂಬರ್ 6ರಂದು ಐವರ ಪೀಠ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧಮುಕ್ತಗೊಳಿಸಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಹೌದು ಎಂದವರು ಯಾರು?

ಹಾಗಾದರೆ ಭಾರತದಲ್ಲಿ ‘ಔಟ್‌ರೇಜ್’ನಂಥ ಚಿತ್ರ ಏಕೆ ಬರಲಿಲ್ಲ? ನಮ್ಮ ರಾಜಕಾರಣಿಗಳೆಲ್ಲ ಒಳಗೂ ಹೊರಗೂ ಒಂದೇ ಎಂದು ಯಾರೂ ವಾದಿಸಲಾರರು. ಮಾನನಷ್ಟ ಕಾನೂನು ಒಂದು ಕಾರಣ. ನಮ್ಮಲ್ಲಿ ಅದು ಸಿವಿಲ್ ವ್ಯಾಜ್ಯವಷ್ಟೇ ಅಲ್ಲ, ಅಪರಾಧವೂ ಹೌದು. ಹೇಳಿದ್ದು ನಿಜವೆಂದು ತೋರಿಸಿದರೆ ಸಾಲದು, ಅದು ಸಾರ್ವಜನಿಕ ಒಳಿತಿಗೆ ಅಗತ್ಯವಾಗಿತ್ತೆಂದೂ ತೋರಿಸಬೇಕು. ಅದರ ಸಿಂಧುತ್ವವನ್ನು 2016ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಸೆನ್ಸಾರ್ ಇನ್ನೊಂದು ಕಾರಣ. ಸಾಕ್ಷ್ಯಚಿತ್ರವನ್ನೂ ಪ್ರಮಾಣಪತ್ರವಿಲ್ಲದೆ ಸಾರ್ವಜನಿಕವಾಗಿ ತೋರಿಸುವಂತಿಲ್ಲ. ನಗರಗಳ ಸಿರಿತನ, ಬಡತನಗಳನ್ನು ಎದುರುಬದುರು ಇಟ್ಟ ತಮ್ಮ ಪುಟ್ಟ ಸಾಕ್ಷ್ಯಚಿತ್ರಕ್ಕಾಗಿ ಕೆ.ಎ. ಅಬ್ಬಾಸ್ ಸುಪ್ರೀಂ ಕೋರ್ಟಿನವರೆಗೆ ಹೋದರು. 1970ರ ತೀರ್ಪು ಚಿತ್ರಗಳ ಪೂರ್ವಪರಿಶೀಲನೆ ಸಂವಿಧಾನಬದ್ಧವೆಂದೇ ಹೇಳಿತು. ಮಂಡ್ಯದಲ್ಲಿ ಹುಟ್ಟಿ ಮುಂಬೈಯಲ್ಲಿ ನೆಲೆಸಿದ ಶ್ರೀಧರ ರಂಗಾಯಣ್ ಅವರ ‘ಗುಲಾಬಿ ಆಯಿನಾ’ ಕಿರುಚಿತ್ರಕ್ಕೆ 2003ರಲ್ಲಿ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಅದೇ ರಂಗಾಯಣ್ 377ನೇ ಕಲಂ ಕುರಿತು ಮಾಡಿದ ‘ಬ್ರೇಕಿಂಗ್ ಫ್ರೀ’ ಸಾಕ್ಷ್ಯಚಿತ್ರ 2015ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಂಕಲನಕ್ಕಾಗಿ ಗೌರವ ಪಡೆಯಿತು. ಕಲಂ ಜಾರಿಯಲ್ಲಿ ಇರುವಾಗಲೇ ಅದನ್ನು ಪ್ರಶ್ನಿಸಿದ ಚಿತ್ರಕ್ಕೆ ಸರ್ಕಾರದ ಪ್ರಶಸ್ತಿ ಬಂದದ್ದು ನಮ್ಮ ವ್ಯವಸ್ಥೆಯ ಇನ್ನೊಂದು ಸೋಜಿಗ. ಬೆಂಗಳೂರಿನ ಟಿ. ಜಯಶ್ರೀ 2004ರಲ್ಲಿ ಮಾಡಿದ ‘ಮೆನಿ ಪೀಪಲ್, ಮೆನಿ ಡಿಸೈರ್ಸ್’ ಕೂಡ ಇದೇ ಸಾಲಿನದು. ನಗರದ ಸಲಿಂಗಕಾಮಿಗಳು, ಹಿಜಡಾಗಳು ಅದರಲ್ಲಿ ತಮ್ಮ ಕಥೆಯನ್ನು ತಾವೇ ಹೇಳಿಕೊಂಡರು. ಇವರಿಬ್ಬರ ಕ್ಯಾಮೆರಾ ಯಾರ ಗುಟ್ಟನ್ನೂ ಕದಿಯಲಿಲ್ಲ, ಮಾತಾಡಲು ಒಪ್ಪಿದವರ ಮುಂದೆ ಕೂತಿತು.

ಮೂರನೆಯ ಕಾರಣ ಹೆಚ್ಚು ಆಳದ್ದು. ಅಮೆರಿಕದಲ್ಲಿ ಪ್ರತಿ ಸದಸ್ಯನ ಪ್ರತಿ ಮುಖ್ಯ ಮತವೂ ಹೆಸರಿನ ಸಮೇತ ದಾಖಲಾಗುತ್ತದೆ. ಪಕ್ಷದ ಮಾತು ಮೀರಿ ಮತ ಹಾಕಿದರೆ ಸ್ಥಾನ ಹೋಗುವುದಿಲ್ಲ. ಹಾಗಾಗಿ ‘ನೀನೇಕೆ ಹೀಗೆ ಮತ ಹಾಕಿದೆ?’ ಎಂದು ಒಬ್ಬನನ್ನು ಹಿಡಿದು ಕೇಳಬಹುದು. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿದವನ ಸದಸ್ಯತ್ವಕ್ಕೇ ಕುತ್ತು. ಮೇಲಾಗಿ ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ. ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದ 2019ರ ಕಾಯ್ದೆ ಎರಡೂ ಸದನಗಳಲ್ಲಿ ಅಂಗೀಕಾರವಾದದ್ದು ಧ್ವನಿಮತದಿಂದಲೇ. ಹೌದು ಎಂದವರು ಯಾರು, ಅಲ್ಲ ಎಂದವರು ಯಾರು, ಸುಮ್ಮನೆ ಕೂತವರು ಯಾರು? ದಾಖಲೆಯಲ್ಲಿ ಹೆಸರಿಲ್ಲ. ಎಲ್ಲರ ದನಿಯೂ ಕೂಡಿ ಯಾರ ದನಿಯೂ ಅಲ್ಲದಂತಾಗುತ್ತದೆ.

ಲೆಕ್ಕ ಸಿಕ್ಕ ಅಪರೂಪದ ಸಂದರ್ಭವೊಂದಿದೆ. 377ನೇ ಕಲಮಿಗೆ ತಿದ್ದುಪಡಿ ತರುವ ಖಾಸಗಿ ಮಸೂದೆ ಮಂಡಿಸಲು ಶಶಿ ತರೂರ್ 2015ರ ಡಿಸೆಂಬರ್ 18ರಂದು ಲೋಕಸಭೆಯಲ್ಲಿ ಅನುಮತಿ ಕೇಳಿದರು. ಮಂಡನೆಯ ಹಂತದಲ್ಲೇ ವಿರೋಧ ಬಂತು. ಮತಕ್ಕೆ ಹಾಕಿದಾಗ ವಿರೋಧ 71, ಪರ 24, ತಟಸ್ಥ 1. 2016ರ ಮಾರ್ಚಿನಲ್ಲಿ ಮತ್ತೆ ಯತ್ನಿಸಿದಾಗ ವಿರೋಧ 58, ಪರ 14. ಐನೂರಕ್ಕೂ ಹೆಚ್ಚು ಸದಸ್ಯರ ಸದನದಲ್ಲಿ ಮೊದಲ ಸಲ ಮತದಲ್ಲಿ ಪಾಲ್ಗೊಂಡವರು 96 ಮಂದಿ, ಎರಡನೆಯ ಸಲ ಇನ್ನೂ ಕಡಿಮೆ. ಚರ್ಚೆ ನಡೆದು ಸೋತಿದ್ದರೆ ಒಂದು ಮಾತು. ಇಲ್ಲಿ ಚರ್ಚೆಯೇ ಬೇಡವೆಂದು ತೀರ್ಮಾನವಾಯಿತು. ಸಂಸತ್ತು ತಿದ್ದಲಿ ಎಂದು ಕೋರ್ಟು ಹೇಳಿ ಎರಡು ವರ್ಷ ಕಳೆದ ಮೇಲಿನ ಮಾತಿದು.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿ ಚೆಂಡನ್ನು ಮತ್ತೆ ಶಾಸಕಾಂಗದ ಅಂಗಳಕ್ಕೇ ಕಳಿಸಿತು. ಆದ್ದರಿಂದ ಯಾರು ಹೇಗೆ ಮತ ಹಾಕುತ್ತಾರೆ ಎಂಬ ಪ್ರಶ್ನೆ ಹಳತಾಗಿಲ್ಲ. ಅದನ್ನು ಕೇಳಲು ಯಾರ ಮಲಗುವ ಕೋಣೆಗೂ ಇಣುಕಬೇಕಾಗಿಲ್ಲ. ಮತದ ದಾಖಲೆ ಕೇಳಿದರೆ ಸಾಕು. ರಾಜಕಾರಣಿ ಸಲಿಂಗಕಾಮಿಯೇ ಅಲ್ಲವೇ ಎಂಬುದು ಗೊತ್ತಾಗದಿದ್ದರೂ ಕೆಟ್ಟ ಕಾನೂನಿಗೆ ಕೈಯೆತ್ತಿದವನು ಉತ್ತರ ಹೇಳಲೇಬೇಕು.

ಹನ್ನೆರಡನೆಯ ಶತಮಾನದಲ್ಲಿ ನಡೆ ನುಡಿ ಒಂದಾಗಿರಬೇಕೆಂದು ಶರಣರು ಸಾರಿದ ಕಲ್ಯಾಣ, ಹವಳಗಾದಿಂದ ಬಹಳ ದೂರವೇನಿಲ್ಲ. ಶರಣರ ಆ ಮಾತು ಉಪದೇಶ ಮಾಡುವವರಿಗೆ, ಅಧಿಕಾರ ಹಿಡಿದವರಿಗೆ ಎತ್ತಿದ ಪ್ರಶ್ನೆಯಾಗಿತ್ತು, ಅಂಜಿ ಮೂಲೆ ಸೇರಿದವರ ಮೇಲೆ ಬೀಸಿದ ಚಾಟಿಯಲ್ಲ.

ಗಾದೆಯ ಪುರಾಣಿಕರ ಕಡೆಗೇ ಮರಳುವುದಾದರೆ, ಅವರ ಹೆಂಡತಿ ಗಂಡನ ತಟ್ಟೆಯನ್ನು ಊರ ಮುಂದೆ ಹಿಡಿಯಲಿಲ್ಲ. ಅವರ ಪುರಾಣವನ್ನು ಅವರಿಗೇ ನೆನಪಿಸಿದಳು, ಅಷ್ಟೇ. ಬದನೆಕಾಯಿ ತಿನ್ನುವುದು ಅವರವರ ಇಷ್ಟ. ತಿಂದವರಿಗೆ ಜೈಲು ಎಂದು ಪುರಾಣ ಹೇಳಿದವರು ಮಾತ್ರ ಅದರ ಲೆಕ್ಕ ಕೊಡಬೇಕು.